ಉಳಿನೀರಿನ ಮಡಿ ಸೋರಿದ ಬೇಸಿಗೆ

ಬಿಳಿಹಾಳ, ಇಸವಿ ೨೧೮೭, ಏಪ್ರಿಲ್ ಹನ್ನೊಂದು

ನನ್ನ ಮುತ್ತಜ್ಜಿಯ ಮುತ್ತಜ್ಜಿ ಕಾಶವ್ವನವರಿಗೆ, ನೂರಾ ಅರವತ್ತು ವರ್ಷಗಳ ಆಚೆಯಿಂದ ನೀಲಗಂಗಾ ಮಾಡುವ ನಮಸ್ಕಾರ. ಇಷ್ಟು ಕಾಲದಲ್ಲಿ ನಮ್ಮ ಮಾತು ಬದಲಾಗಿದೆ. ಎಲ್ಲಾದರೂ ವಿಚಿತ್ರವೆನಿಸಿದರೆ ಮಗುವಿನ ತೊದಲೆಂದು ಕ್ಷಮಿಸಿ.

ನೀವು ಊರಿನ ಫಿಲ್ಟರ್ ಮನೆ ನೋಡಿಕೊಳ್ಳುತ್ತಿದ್ದಿರೆಂದು ನಮ್ಮಲ್ಲಿ ಈಗಲೂ ಹೇಳುತ್ತಾರೆ. ನಾವೂ ಅದೇ ಸವಳು ನೀರನ್ನು ಸೋಸಿ ಕುಡಿಯುತ್ತೇವೆ. ಸೋಸಿದ ಮೇಲೆ ಮಿಗುವ ಕಡು ಉಪ್ಪಿನ ನೀರಿಗೆ ಉಳಿನೀರು ಎನ್ನುತ್ತೇವೆ. ಸಮುದ್ರ ನಮಗೆ ಬಹಳ ದೂರ. ಹಾಗಾಗಿ ಊರಾಚೆ, ತಳಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದ ಅಗಲವಾದ ಮಡಿಗಳಲ್ಲಿ ಅದನ್ನು ಬಿಸಿಲಿಗೆ ಒಣಗಿಸುತ್ತೇವೆ. ಕೆರೆದ ಉಪ್ಪನ್ನು ಚರ್ಮ ಹದ ಮಾಡುವವರು ಒಯ್ಯುತ್ತಾರೆ. ಮಡಿ ಕಾಯುವವಳು ಮಡಿಗಾರ್ತಿ. ನನ್ನ ಅವ್ವ ಬಂಗಾರೆವ್ವ ಇಪ್ಪತ್ತೆರಡು ವರ್ಷ ಆ ಕೆಲಸ ಮಾಡಿದಳು. ಅವಳ ಹಿಮ್ಮಡಿ ಉಪ್ಪಿಗೆ ಸದಾ ಬಿರಿದಿರುತ್ತಿತ್ತು; ಸಂಜೆ ನಾನು ಕುಸುಬೆ ಎಣ್ಣೆ ಹಚ್ಚುತ್ತಿದ್ದೆ.

ನಾನು ಚೊಚ್ಚಲ ಬಸುರಿಯಾಗಿ ತವರಿಗೆ ಬಂದಿದ್ದ ಬೇಸಿಗೆಯಲ್ಲಿ, ದೊಡ್ಡ ಮಡಿಯ ನೀರು ಒಂದು ಗೇಣು ತಗ್ಗಿದ್ದನ್ನು ಅವ್ವ ಕಂಡಳು. ಬಿಸಿಲು ಒಂದು ದಿನಕ್ಕೆ ಅಷ್ಟು ಕುಡಿಯಲಾರದು. ತಳದ ಹಾಳೆ ಹರಿದಿತ್ತು. ಇಳಿಜಾರಿನ ಕೆಳಗೆ ನಾಗರಮಡು ಎಂಬ ಊರು. ಸುತ್ತಲಿನ ಒಂದೇ ಸಿಹಿನೀರ ಬಾವಿ ಅಲ್ಲಿಯದು. ಸೋರುವ ಮಡಿಯ ನೀರನ್ನು ಸಣ್ಣ ಮಡಿಗಳಿಗೆ ತುಂಬಿಸಿದರೆ ಹೊಸ ಉಳಿನೀರಿಗೆ ಜಾಗವಿಲ್ಲ. ಅಂದರೆ ಸೋಸುವ ಯಂತ್ರ ನಿಲ್ಲಬೇಕು.

ಊರವರು ಸೇರಿದರು. ಹೊಸ ಹಾಳೆ ಬರುವ ತನಕ ಯಂತ್ರ ನಡೆಯಲಿ, ಸೋರಿದ್ದು ಯಾರಿಗೆ ತಿಳಿಯುತ್ತದೆ ಎಂದರು. ನನ್ನತ್ತ ಕೈ ತೋರಿಸಿ, ಇವಳಿಗೇನು ಕುಡಿಸುತ್ತೀ ಎಂದು ಕೇಳಿದರು. ಅವ್ವ ನನ್ನ ಕಡೆ ನೋಡಲಿಲ್ಲ.

"ಅಲ್ಲೂ ಬಸುರಿ ಹೆಣ್ಮಕ್ಕಳು ಅದಾರ್ರಿ. ಅವರ ಬಾವ್ಯಾಗ ಉಪ್ಪ ಇಳಿಸಿ ನನ್ನ ಮಗಳಿಗೆ ನೀರು ಕುಡಸಂಗಿಲ್ಲ ನಾ," ಎಂದು ಯಂತ್ರ ನಿಲ್ಲಿಸಿದಳು.

ನನಗೆ ಸಿಟ್ಟು ಬಂದಿತ್ತು. ಎರಡು ದಿನ ಅವಳೊಡನೆ ಮಾತು ಬಿಟ್ಟೆ. ಊರ ತೊಟ್ಟಿಯಲ್ಲಿ ಮಿಕ್ಕಿದ್ದ ಸೋಸಿದ ನೀರನ್ನು ತಲೆಗೆ ಒಂದು ತಂಬಿಗೆಯಂತೆ ಹಂಚಿದರು. ಅವ್ವ ತನ್ನ ಪಾಲಿನ ಅರ್ಧವನ್ನು ನನ್ನ ತಲೆದಿಂಬಿನ ಬಳಿ ಇಟ್ಟು ಕೆಲಸಕ್ಕೆ ಹೋಗುತ್ತಿದ್ದಳು. ಮೂರನೆಯ ದಿನ ನಾಗರಮಡುವಿಗೆ ನಡೆದುಹೋಗಿ, ನಮ್ಮ ಮಡಿ ಸೋರಿದೆ, ಬಾವಿಯ ನೀರು ಪರೀಕ್ಷೆ ಮಾಡಿಸಿ ಎಂದು ಹೇಳಿದಳು. ಚೆನ್ನಾಗಿ ಬೈಸಿಕೊಂಡು ಬಂದಳು.

ಮರುದಿನ ಆ ಊರಿನ ಮೋದಿನಬಿ ಎಂಬ ಮುದುಕಿ ನೀರಿನ ಗಾಡಿಯೊಂದಿಗೆ ನಮ್ಮ ಬಾಗಿಲಿಗೆ ಬಂದರು. ಬಾವಿ ಇನ್ನೂ ಸಿಹಿಯಾಗಿಯೇ ಇತ್ತು.

"ನೀ ಹೇಳದಿದ್ರ ನಮಗ ಗೊತ್ತಾಗ್ತಿರಲಿಲ್ಲವ್ವ. ಮೊದಲ ಈ ನಿನ್ನ ಬಸುರಿ ಮಗಳಿಗೆ ಕೊಡು," ಅಂದರು.

ಹೊಸ ಹಾಳೆ ಬಂದು ಬೆಸೆಯಲು ಹತ್ತೊಂಬತ್ತು ದಿನ ಹಿಡಿಯಿತು. ಗಾಡಿ ಒಂದು ದಿನವೂ ತಪ್ಪಲಿಲ್ಲ. ಅಷ್ಟರಲ್ಲೇ ಹುಟ್ಟಿದ ನನ್ನ ಮಗಳಿಗೆ ಆ ನೀರನ್ನೇ ಕಾಯಿಸಿ ಅವ್ವ ಮೊದಲ ಸಲ ಎರೆದಳು. ನಾನು ಅವಳ ಒದ್ದೆ ಕೈ ಹಿಡಿದುಕೊಂಡು ಅತ್ತೆ. ಅವಳು, ಬಾಣಂತಿ ಅಳಬಾರದು ಎಂದಷ್ಟೇ ಹೇಳಿದಳು.

ಆಯಿ, ನಿಮ್ಮ ಫಿಲ್ಟರ್ ಮನೆಯ ಹಿಂದಿನ ಉಳಿನೀರಿನ ಪೈಪು ಹಳೆಯ ಬಾವಿಗೆ ಹೋಗುತ್ತಿತ್ತಂತೆ. ಆ ಬಾವಿಯ ನೀರನ್ನು ಇಂದಿಗೂ ದನ ಮೂಸುವುದಿಲ್ಲ. ಅದರಿಂದ ಬಾವಿ ಕೆಡುತ್ತದೆಂದು ನಿಮಗೆ ಯಾರೂ ತಿಳಿಸಿ ಹೇಳಿರಲಿಲ್ಲ, ನಾನು ದೂರುತ್ತಿಲ್ಲ. ನಾಳೆ ಯಂತ್ರ ಹಚ್ಚುವ ಮೊದಲು ಆ ಪೈಪಿನ ಜೊತೆ ಕೊನೆಯವರೆಗೂ ಒಮ್ಮೆ ನಡೆದು ನೋಡಿ. ಬಿಸಿಲು ಬಹಳ, ತಲೆಗೆ ಸೆರಗು ಹೊದ್ದುಕೊಂಡು ಹೋಗಿ.

ನಿಮ್ಮ,
ನೀಲಗಂಗಾ