ಜಿಪ್ಪಿನ ಕೋಟು ಮತ್ತು ನನ್ನ ಪ್ರಾಸ

ಅಣ್ಣಾ,

ನೀನು ತೀರಿಕೊಂಡು ಆರು ವರ್ಷ. ಇದನ್ನು ಓದುವ ಕಷ್ಟ ನಿನಗಿಲ್ಲ.

ನಿನ್ನ ಹಾಗೆ ಅಕ್ಷರ ಕೈಹತ್ತದ ದೊಡ್ಡವರಿಗೆ ನಾನೀಗ ಇತಿಹಾಸ ಕಲಿಸುತ್ತೇನೆ. ಇವತ್ತು ತರಗತಿಯ ಉದ್ದಕ್ಕೂ ಹಗ್ಗ ಕಟ್ಟಿ, ಹಳೆಯ ಫೋಟೊಗಳನ್ನು ಇಸವಿಯ ಪ್ರಕಾರ ನೇತುಹಾಕಿದ್ದೆ. ಅವರಲ್ಲೊಬ್ಬರು, ಬಟ್ಟೆ ಹೊಲಿಯುವ ಟೈಲರಮ್ಮ, ಎದ್ದು ಬಂದು ಮೊದಲನೆಯದನ್ನೇ ಕಿತ್ತು ಕೊನೆಗೆ ಸಿಕ್ಕಿಸಿದರು.

"ಅಲ್ಲಮ್ಮಾ, ಕೆಳಗೆ ಇಸವಿ ಬರೆದಿದೀನಲ್ಲ?"

"ಇಸವಿ ನಿಮಗಿರ್ಲಿ ಮೇಷ್ಟ್ರೇ. ಈ ಮನುಷ್ಯನ ಕೋಟಿಗೆ ಜಿಪ್ಪಿದೆ. ಆ ಕಾಲದಲ್ಲಿ ಜಿಪ್ಪೆಲ್ಲಿತ್ತು? ನಮ್ಮಜ್ಜಿ ಗುಂಡಿ ಹೊಲಿದೂ ಹೊಲಿದೂ ಕಣ್ಣು ಕಳ್ಕೊಂಡ್ಳು."

ಸಾವಿರದ ಒಂಬೈನೂರ ಅರವತ್ತರ ಬದಲು ಸಾವಿರದ ಎಂಟುನೂರ ಅರವತ್ತು ಎಂದು ಬರೆದವನು ನಾನೇ. ಎಲ್ಲರೂ ನಕ್ಕರು, ಆದರೆ ಯಾರೂ ಹಾಡು ಕಟ್ಟಲಿಲ್ಲ.

ಶಾಲೆಯಲ್ಲಿ ನೀನು ಅಂಕಿ ತಪ್ಪಿದಾಗ ನಾನು ಕಟ್ಟಿದ್ದೆ:

ಆರು ಬರೆದರೆ ಒಂಬತ್ತು,
ಅಣ್ಣನ ತಲೆಯೊಳಗೇನಿತ್ತು?

ಇಡೀ ಶಾಲೆ ಅದನ್ನು ಹಾಡಿತು. ಮರುವಾರ ನೀನು ಶಾಲೆ ಬಿಟ್ಟು ಸೈಕಲ್ ಶಾಪು ಸೇರಿದೆ.

ತರಗತಿ ಮುಗಿದ ಮೇಲೆ ಟೈಲರಮ್ಮನನ್ನು ಕೂರಿಸಿಕೊಂಡು, ಒಂದೊಂದು ಫೋಟೊದಲ್ಲೂ ಏನೇನು ಕಾಣುತ್ತದೆ ಎಂದು ಕೇಳಿದೆ. ಗಂಟೆ ಹೋದದ್ದೇ ತಿಳಿಯಲಿಲ್ಲ.

ನನ್ನ ಪ್ರಾಸವೂ ಪ್ರಶ್ನೆಯಲ್ಲೇ ಮುಗಿಯುತ್ತಿತ್ತು. ಉತ್ತರಕ್ಕೆ ನಾನು ಕಾದಿರಲಿಲ್ಲ. ಈಗ ಕಾಯುತ್ತೇನೆ, ಹೇಳು: ಬೀದಿಯಲ್ಲಿ ಹೋಗುವ ಸೈಕಲ್ಲಿನ ಸದ್ದು ಕೇಳಿಯೇ ಯಾವ ಚಕ್ರದ ಕಡ್ಡಿ ಸಡಿಲವೆಂದು ಹೇಳುತ್ತಿದ್ದೆಯಲ್ಲ, ಅದು ನಿನಗೆ ಹೇಗೆ ತಿಳಿಯುತ್ತಿತ್ತು?