ನನ್ನ ನಂಬರಿಗೆ ನಿನ್ನ ಹಾಲು

ದೇವರಾಯಸಮುದ್ರ, ಕೆರೆ ಏರಿಯ ಪಕ್ಕ
ಮುಳಬಾಗಿಲು ತಾಲ್ಲೂಕು
13-2-2025, ಗುರುವಾರ

ಪ್ರೀತಿಯ ಅಕ್ಕಾ,

ನಿನ್ನ ತಂಗಿ ಗಂಗಾಲಕ್ಷ್ಮಿಯ ನಮಸ್ಕಾರ. ಮಂಡಿ ನೋವು ಹೇಗಿದೆ? ಎಣ್ಣೆ ಬಿಸಿ ಮಾಡಿ ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ಬಾಟಲಿಯನ್ನು ಗೂಡಿನಲ್ಲಿಟ್ಟು ದೂರದಿಂದ ನೋಡುತ್ತಿದ್ದೀಯೋ? ಸಕ್ಕರೆ ಕಾಯಿಲೆ ಮಾತ್ರೆ ತಪ್ಪಿಸಬೇಡ. ನಾವಿಬ್ಬರೂ ಚೆನ್ನಾಗಿದ್ದೇವೆ. ಇವರಿಗೆ ಸ್ವಲ್ಪ ನೆಗಡಿ, ಅದು ಕೆರೆ ಗಾಳಿಗೆ ತಲೆಗೆ ಟವಲು ಸುತ್ತಿಕೊಳ್ಳದೆ ಮೆರೆದದ್ದಕ್ಕೆ. ಕಾಗದ ನೋಡಿ, ಇದೇನು ಈ ಕಾಲದಲ್ಲಿ ಎಂದು ಮೂಗು ಮುರಿಯಬೇಡ. ಫೋನು ಎತ್ತದವಳಿಗೆ ನಾನು ಇನ್ನೇನು ಮಾಡಲಿ? ಹೊರಟಾಗಿನಿಂದ ನಿನ್ನ ಫೋನು ರಿಂಗಾಗುತ್ತದೆ, ರಿಂಗಾಗುತ್ತದೆ, ಕೊನೆಗೆ ಆ ಹೆಂಗಸು ಬಂದು ‘ಉತ್ತರಿಸುತ್ತಿಲ್ಲ’ ಎನ್ನುತ್ತಾಳೆ. ಅವಳ ಹತ್ತಿರ ಮಾತಾಡಿ ಆಡಿ ಈಗ ಅವಳೇ ನನ್ನ ಒಡಹುಟ್ಟಿದವಳು ಅನ್ನಿಸುತ್ತಿದೆ.

ಹೊರಡುವ ದಿನ ನೀನು ಅಂದದ್ದು ಇನ್ನೂ ಕಿವಿಯಲ್ಲಿದೆ. “ಇರೋ ಮನೆ ಬಿಟ್ಟು ರೋಡಲ್ಲಿ ಮಲಗಕ್ಕೋಗೋರ ಜೊತೆ ನಂದೇನು ಮಾತು? ಫೋನ್ ಮಾಡ್ಬೇಡ, ಮಾಡಿದ್ರೂ ಎತ್ತಲ್ಲ ಕಣೇ.” ನನಗೂ ಗೊತ್ತು ಅಕ್ಕಾ. ಭಾವ ಲಾರಿ ಹತ್ತಿ ಹೋದವರು ತಿರುಗಿ ಬರಲಿಲ್ಲ, ಆ ಸುದ್ದಿ ಬಂದದ್ದೂ ಫೋನಿನಲ್ಲೇ. ಅಲ್ಲಿಂದಾಚೆಗೆ ಚಕ್ರ ಕಂಡರೂ ನಿನಗಾಗದು, ಫೋನಿನ ಸದ್ದು ಕೇಳಿದರೂ ಆಗದು. ಆದರೆ ಇವರು ಜೀವಮಾನವೆಲ್ಲ ಫ್ಯಾಕ್ಟರಿ ಬಸ್ಸಿನಲ್ಲಿ ಬೇರೆಯವರನ್ನು ಕೂರಿಸಿಕೊಂಡು ಓಡಾಡಿದವರು. ರಿಟೈರ್ ಆದಮೇಲೆ ಒಂದು ಹಳೇ ಟೆಂಪೋ ಕೊಂಡು, ಸೀಟು ಕಿತ್ತು, ಮಂಚ ಹಾಕಿ, ಒಲೆ ಇಟ್ಟು, ಹೆಂಡತಿಯನ್ನು ಕರೆದುಕೊಂಡು ನಾಲ್ಕು ಊರು ನೋಡುತ್ತೇನೆ ಎಂದರೆ ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ. ಮೊದಲು ನಮ್ಮ ಜಿಲ್ಲೆಯಲ್ಲೇ ಸುತ್ತಿ ನೋಡೋಣ, ಗಾಡಿ ತಡೆದುಕೊಂಡರೆ ಕಾಶಿ ಎಂದು ಇವರ ಲೆಕ್ಕಾಚಾರ. ಅಷ್ಟು ಕೋಪದಲ್ಲೂ ನೀನು ನನ್ನ ಗೌರಿಯನ್ನು ನಿನ್ನ ಕೊಟ್ಟಿಗೆಯಲ್ಲಿ ಕಟ್ಟಿಸಿಕೊಂಡೆ. “ಮೂಕಪ್ರಾಣಿ ಏನ್ ಪಾಪ ಮಾಡೈತೆ, ಕಟ್ಟು ಅಲ್ಲಿ” ಅಂದೆ. ಫೋನು ಎತ್ತದಿದ್ದರೆ ಬಿಡು, ಡೇರಿಯಲ್ಲಿ ನನ್ನ ಮೆಂಬರ್ ನಂಬರಿಗೆ ಗೌರಿ ಹಾಲು ಹಾಕುತ್ತಿರು, ಎಷ್ಟು ಲೀಟರು, ಎಷ್ಟು ಫ್ಯಾಟ್ ಎಂದು ಡೇರಿಯಿಂದ ನನಗೆ ಮೆಸೇಜು ಬರುತ್ತದೆ, ಅಷ್ಟೇ ಸಾಕು ಎಂದು ಹೇಳಿ ನಾನು ಗಾಡಿ ಹತ್ತಿದೆ. ನೀನು ಹುಲ್ಲು ಹಾಕುವ ನೆಪದಲ್ಲಿ ಆ ಕಡೆ ತಿರುಗಿಕೊಂಡೆ.

ಮಾಲೂರಿನಲ್ಲಿ ಇವರ ಸ್ನೇಹಿತರ ಮನೆ ಮುಂದೆ ಗಾಡಿ ಹಾಕಿದ್ದೆವು. ಒಳಗೆ ಬಂದು ಮಲಗಿ ಎಂದು ಅವರು ಬಲವಂತ ಮಾಡಿದರೂ ಇವರು, “ನಮ್ ಮನೆ ನಮ್ ಜೊತೇಲೇ ಐತಲ್ಲ” ಎಂದು ಜಂಬ ಕೊಚ್ಚಿಕೊಂಡು ಗಾಡಿಯಲ್ಲೇ ಮಲಗಿದರು, ಸೊಳ್ಳೆ ಕಡಿಸಿಕೊಂಡರು. ಕುರುಡುಮಲೆ ಗಣಪತಿಗೆ ನಿನ್ನ ಹೆಸರಲ್ಲೂ ಅರ್ಚನೆ ಮಾಡಿಸಿದೆ. ನಿನ್ನ ನಕ್ಷತ್ರ ಮರೆತುಹೋಗಿತ್ತು, ನನ್ನದನ್ನೇ ಹೇಳಿದೆ. ಅಷ್ಟು ದೊಡ್ಡ ಗಣಪತಿ, ಅಡ್ಜಸ್ಟ್ ಮಾಡಿಕೊಳ್ಳುತ್ತಾನೆ ಬಿಡು. ಎಲ್ಲಿದ್ದರೂ ಬೆಳಗ್ಗೆ ಕಾಫಿ ಹೊತ್ತಿಗೆ ಒಂದು ಸಲ, ಸಂಜೆ ದೀಪ ಹಚ್ಚುವ ಹೊತ್ತಿಗೆ ಒಂದು ಸಲ ಫೋನು ಟಿಂಗ್ ಅನ್ನುತ್ತಿತ್ತು. ಒಂಬತ್ತು ಲೀಟರು, ಫ್ಯಾಟ್ ಮೂರೂವರೆ. ಅಕ್ಕ ಎದ್ದಳು, ಹಾಲು ಕರೆದಳು, ಕ್ಯಾನು ಹಿಡಿದು ಡೇರಿವರೆಗೆ ನಡೆದಳು, ಹಾಗಾದರೆ ಮಂಡಿ ಪರವಾಗಿಲ್ಲ ಎಂದು ನಾನು ಅದರಲ್ಲೇ ಓದಿಕೊಳ್ಳುತ್ತಿದ್ದೆ. ಇವರು ನಗುತ್ತಿದ್ದರು.

ಇಲ್ಲಿ ದೇವರಾಯಸಮುದ್ರಕ್ಕೆ ಬಂದ ಮೇಲೆ ಶುರುವಾಯಿತು ನೋಡು. ನೆಟ್ಟಿಗೆಂದು ಇವರು ಗಾಡಿ ತಲೆ ಮೇಲೆ ಒಂದು ಕಂಬ ನಿಲ್ಲಿಸಿ, ಒಳಗೆ ಒಂದು ಡಬ್ಬಿ ಕೂರಿಸಿದ್ದಾರೆ. ಹಸಿರು ದೀಪ ಹತ್ತಿದರೆ ನೆಟ್ಟು ಉಂಟು, ಕೆಂಪು ಹತ್ತಿದರೆ ಇಲ್ಲ. ಸುತ್ತ ಬಂಡೆ, ಮುಂದೆ ಕೆರೆ, ಇವರಿಗೆ ಸ್ವರ್ಗ. ಡಬ್ಬಿಯಲ್ಲಿ ಮಾತ್ರ ಕೆಂಪು ದೀಪ, ನನ್ನ ಫೋನಿನಲ್ಲಿ ಒಂದು ಕಡ್ಡಿಯೂ ಇಲ್ಲ. “ಇರೇ, ಆಂಧ್ರದ ಟವರಿಗೂ ನಮ್ದುಕ್ಕೂ ಎಳೆದಾಡ್ತಾ ಐತೆ, ಬರ್ತದೆ” ಎಂದು ಡಬ್ಬಿಯನ್ನು ಆರಿಸದೆ ಹಾಗೇ ಬಿಟ್ಟರು. ಬೇರೆ ಬ್ಯಾಟರಿ ಯಾಕೆ ದಂಡ ಎಂದು ಅದಕ್ಕೆ ಎಂಜಿನ್ ಬ್ಯಾಟರಿಯಿಂದಲೇ ವೈರು ಎಳೆದಿದ್ದರು ಪುಣ್ಯಾತ್ಮರು. ಬೆಳಗ್ಗೆ ನೋಡಿದರೆ ಗಾಡಿ ಕೆಮ್ಮಲೂ ಇಲ್ಲ! ಬರದಿರುವ ನೆಟ್ಟನ್ನು ಹುಡುಕಿ ಹುಡುಕಿ ಡಬ್ಬಿ ಬ್ಯಾಟರಿಯನ್ನೆಲ್ಲ ಕುಡಿದು ಕೂತಿತ್ತು. ಇವರು ರಸ್ತೆಯವರೆಗೆ ನಡೆದು ಹೋಗಿ ಮೆಕ್ಯಾನಿಕ್‌ಗೆ ಹೇಳಿ ಬಂದರು, ಅವನು ನಾಳೆ ಎಂದ. ನನ್ನ ಫೋನನ್ನೂ ಜೊತೆಗೆ ತಗೊಂಡು ಹೋಗಿ ಎನ್ನುವಷ್ಟು ಬುದ್ಧಿ ನನಗೂ ಹೊಳೆಯಲಿಲ್ಲ. ಆ ಸಂಜೆಯೂ ಮೆಸೇಜಿಲ್ಲ. ಟವರ್ ಇಲ್ಲದೆ ಮೆಸೇಜು ಬರುವುದಿಲ್ಲ ಎಂದು ತಲೆಗೆ ಗೊತ್ತು, ಆದರೆ ಹೊಟ್ಟೆಗೆ ಗೊತ್ತಾಗಬೇಕಲ್ಲ. ಮುದ್ದೆಯನ್ನು ಹಾಗೇ ಮುಚ್ಚಿಟ್ಟೆ. ಇವರ ಮೇಲೆ ಹರಿಹಾಯ್ದೆ, ಇವರು ಪಾಪ ತಟ್ಟೆ ತೊಳೆದಿಟ್ಟರು.

ಇವತ್ತು ಬೆಳಗ್ಗೆ ಕುರಿ ಹೊಡೆದುಕೊಂಡು ಬಂದ ದೊಡ್ಡಮುನಿಯಮ್ಮ ಎಂಬಾಕೆ ನನ್ನ ಮುಖ ನೋಡಿ, “ಏಮಮ್ಮಾ, ಅಟ್ಲ ಕೂರ್ಚುನ್ನಾವು?” ಎಂದು, ಯಾಕೆ ಹಾಗೆ ಕೂತಿದ್ದೀಯ ಅಂತ ತೆಲುಗಿನಲ್ಲಿ ಕೇಳಿದಳು. ಹೇಳಿದೆ. ಅವಳು ನಕ್ಕುಬಿಟ್ಟಳು. “ಆ ಚಿಂತಚೆಟ್ಟು ದಗ್ಗರ ನಿಲಬಡು, ಟವರ್ ವಸ್ತುಂದಿ.” ಟವರ್ ಸಿಗುತ್ತದೆ ಎಂದು ಅವಳು ತೋರಿಸಿದ ಏರಿ ಮೇಲಿನ ಹುಣಸೆಮರದ ಬುಡಕ್ಕೆ ಸೆರಗು ಸಿಕ್ಕಿಸಿಕೊಂಡು ಓಡಿದೆ ಅಕ್ಕಾ, ಈ ವಯಸ್ಸಿನಲ್ಲಿ! ಫೋನು ಟಿಂಗ್ ಟಿಂಗ್ ಎಂದು ಕುಣಿಯಿತು. ಡೇರಿ ಮೆಸೇಜುಗಳು ಒಂದೂ ತಪ್ಪದೆ ಬಂದಿದ್ದವು. ಅಬ್ಬಾ ಎಂದು ಮರಕ್ಕೆ ಒರಗಿಕೊಂಡೆ. ಆಮೇಲೆ ಕನ್ನಡಕ ಹಾಕಿಕೊಂಡು ಓದಿದೆ. ಆರು ಲೀಟರು, ಫ್ಯಾಟ್ ನಾಲ್ಕೂಮುಕ್ಕಾಲು. ಗೌರಿ ಜನ್ಮದಲ್ಲಿ ನಾಲ್ಕು ಮುಟ್ಟಿದವಳಲ್ಲ. ಅವಳದ್ದು ಹಾಲಲ್ಲ, ಅಕ್ಕಿ ತೊಳೆದ ನೀರು ಎಂದು ನೀನೇ ಆಡಿಕೊಳ್ಳುತ್ತಿದ್ದೆ. ನಮ್ಮ ಅಂಗಳದಲ್ಲಿ ಅಷ್ಟು ಗಟ್ಟಿ ಹಾಲು ಕೊಡುವುದು ನಿನ್ನ ಜರ್ಸಿ ಕೆಂಪಿ ಒಬ್ಬಳೇ. ಕೆಂಪಿ ಹಾಲು ನನ್ನ ನಂಬರಿಗೆ ಬಿದ್ದರೆ ಗೌರಿ ಹಾಲು ಎಲ್ಲಿ ಹೋಯಿತು?

ನಿನಗೆ ಮಾಡಿದೆ, ಅದೇ ಹೆಂಗಸು. ನಿನ್ನ ಮಗ ಅನಿಲನಿಗೆ ಮಾಡಿದೆ. “ಅಮ್ಮ ಏನೂ ಹೇಳ್ಬೇಡ ಅಂದವ್ಳೆ ಚಿಕ್ಕಮ್ಮಾ” ಎಂದು ಇಟ್ಟೇಬಿಟ್ಟ. ಕೊನೆಗೆ ಡೇರಿ ಸೆಕ್ರೆಟರಿ ವೆಂಕಟರಮಣಪ್ಪನಿಗೆ ಮಾಡಿ ಜೋರು ಮಾಡಿದೆ. ಆತ ಮೊದಲು ನುಂಗಿ ನುಂಗಿ ಮಾತಾಡಿ ಆಮೇಲೆ ಎಲ್ಲ ಒಪ್ಪಿಸಿದ. ಗೌರಿಗೆ ಕೆಚ್ಚಲು ಬಾವು ಬಂದು ಮೇಲೇಳದೆ ಮಲಗಿದ್ದು, ನೀನು ಡಾಕ್ಟರನ್ನು ಕರೆಸಿ ಇಂಜೆಕ್ಷನ್ ಕೊಡಿಸಿದ್ದು, ಆ ಹಾಲನ್ನು ಡೇರಿಗೆ ಹಾಕುವಂತಿಲ್ಲ ಎಂದು ಕರೆದು ಗುಂಡಿಗೆ ಚೆಲ್ಲಿದ್ದು. ನೀನು ಕೆಂಪಿ ಹಾಲು ತಂದು ನನ್ನ ನಂಬರು ಹೇಳಿದಾಗ ಆತ, ಒಬ್ಬರದು ಇನ್ನೊಬ್ಬರಿಗೆ ಬರೆಯುವಂತಿಲ್ಲ ಎಂದನಂತೆ. ನೀನು ಬಿಟ್ಟೀಯಾ! “ಹಾಲು ಹಾಲೇ, ಒತ್ತಯ್ಯಾ ಮಿಷಿನ್ನು. ಮೆಸೇಜ್ ಬರ್ದೇ ಇದ್ರೆ ನನ್ ತಂಗಿ ಅರ್ಧ ದಾರೀಲೇ ಓಡಿ ಬರ್ತಾಳೆ. ಪಾಪ, ಈಗ್ಲಾದ್ರೂ ಆಚೆ ಹೊರಟವ್ಳೆ” ಅಂದೆಯಂತೆ. ಗೌರಿ ನಿನ್ನೆಯಿಂದ ಎದ್ದು ನಿಂತು ಹುಲ್ಲು ತಿನ್ನುತ್ತಿದ್ದಾಳೆ, ಬಾವು ಇಳಿದಿದೆ ಎಂದೂ ಆತನೇ ಹೇಳಿದ. ನಾನು ಹುಣಸೆಮರದ ಕೆಳಗೆ ಕೂತು ಗಟ್ಟಿಯಾಗಿ ಅತ್ತೆ. ಕುರಿಗಳೂ ನಿಂತು ನೋಡಿದವು.

ಆ ಪುಣ್ಯಾತ್ಮನನ್ನು ಬೈಯಬೇಡ, ನಾನೇ ಬಾಯಿ ಬಿಡಿಸಿದ್ದು. ಎದುರಿಗೆ ಮುಖ ತಿರುಗಿಸಿ ನಿಂತವಳು ನೀನೇ, ನಾನು ಹೆದರಬಾರದೆಂದು ನಿನ್ನ ಹಾಲು ನನ್ನ ಹೆಸರಿಗೆ ಸುರಿದವಳೂ ನೀನೇ. ಎಂಥ ಹೆಂಗಸೇ ನೀನು? ಸಿಟ್ಟೂ ಬರುತ್ತದೆ, ತಬ್ಬಿಕೊಳ್ಳಬೇಕು ಅಂತಲೂ ಅನ್ನಿಸುತ್ತದೆ. ಮನಸ್ಸೀಗ ಹಗುರವಾಗಿದೆ, ಎರಡು ಲೋಟ ಕಾಫಿ ಕುಡಿದೆ. ಮೆಕ್ಯಾನಿಕ್ ಬಂದು ಬ್ಯಾಟರಿ ಹಾಕಿದ್ದಾನೆ, ಡಬ್ಬಿಗೆ ನಾನು ಬಟ್ಟೆ ಸುತ್ತಿ ಮಂಚದ ಕೆಳಗೆ ತಳ್ಳಿದ್ದೇನೆ. ವಾಪಸ್ ಹೋಗೋಣವೇ ಎಂದು ಇವರೇ ಕೇಳಿದರು. ಬೇಡ ಎಂದೆ. ನೀನು ಇಷ್ಟು ಪಾಡು ಪಟ್ಟಿದ್ದು ನಾನು ಊರು ನೋಡಲಿ ಎಂದು, ನೋಡಿಕೊಂಡೇ ಬರುತ್ತೇನೆ. ಶ್ರೀನಿವಾಸಪುರದಲ್ಲಿ ಮಾವು ಹೂ ಬಿಟ್ಟಿದೆಯಂತೆ, ತೋಪಿನಲ್ಲಿ ಒಂದು ದಿನ ಇದ್ದು ಭಾನುವಾರ ನಮ್ಮೂರು ಕ್ಯಾಲನೂರಿಗೆ ಬರುತ್ತೇವೆ. ಕೆಂಪಿಗೂ ಗೌರಿಗೂ ಬೆಲ್ಲ ತಿನ್ನಿಸು. ಅನಿಲನಿಗೆ ನನ್ನ ಆಶೀರ್ವಾದ, ಬಂದ ಮೇಲೆ ಕಿವಿ ಹಿಂಡುತ್ತೇನೆ ಎಂದೂ ಹೇಳು. ದೊಡ್ಡವಳಾದ ನಿನ್ನ ಕಾಲಿಗೆ ಬಿದ್ದು ಕಾಗದ ನಿಲ್ಲಿಸುತ್ತೇನೆ.

ನಿನ್ನ ಮೊಂಡು ತಂಗಿ,
ಗಂಗಾ

ತಾ.ಕ.: ಟೊಮೇಟೊ ಟೆಂಪೋದವನು ಕೋಲಾರ ಮಂಡಿಗೆ ಹೊರಟಿದ್ದಾನೆ, ಇದನ್ನು ನಮ್ಮೂರ ಡೇರಿಯಲ್ಲಿ ಕೊಟ್ಟು ಹೋಗುತ್ತಾನೆ. ಹಾರನ್ ಹೊಡೆಯುತ್ತಿದ್ದಾನೆ. ಇಷ್ಟುದ್ದ ಬರೆದು ಒಂದನ್ನು ಬಿಟ್ಟಿದ್ದೇನೆ. ಮೆಸೇಜು ನಿಂತಾಗ ನಾನು ಹೆದರಿದ್ದು ಗೌರಿಗಾಗಿ ಅಲ್ಲ. ಅವಳ ನೆನಪೇ ಬರಲಿಲ್ಲ, ದೇವರಾಣೆ. ಅನಿಲ ಶಿಫ್ಟಿಗೆ ಹೋಗಿರುತ್ತಾನೆ, ನೀನು ಆ ಮಂಡಿ ಇಟ್ಟುಕೊಂಡು ಕೊಟ್ಟಿಗೆಯಲ್ಲಿ ಜಾರಿ ಬಿದ್ದಿದ್ದೀಯೇನೋ, ಕೂಗಿದರೆ ಕೇಳುವವರಿಲ್ಲವೇನೋ ಎಂದು ಅದೊಂದೇ ಕಣ್ಣ ಮುಂದೆ. ಹಸು ಇನ್ನೊಂದು ಕಟ್ಟಬಹುದು ಅಕ್ಕಾ. ಸಂಜೆ ಫೋನ್ ಮಾಡ್ತೀನಿ. ಬೈಯಕ್ಕಾದ್ರೂ ಸರಿ, ಎತ್ತೇ.