ನಾಲ್ಕನೆಯ ಚಕ್ರ ಉಳ್ಳಾಲದಲ್ಲಿದೆ

ಕ್ರಿ.ಶ. 2169, ಮಳೆಗಾಲದ ಏಳನೇ ತಿಂಗಳು, ಮೂವತ್ತಮೂರನೇ ದಿನ
ತಣ್ಣೀರುಬಾವಿ ತಂಗುದಾಣ, ಕಂಬ ಸಂಖ್ಯೆ 212

ನೂರೈವತ್ತು ವರ್ಷ ಹಿಂದೆ ಈ ಕಡಲತೀರಕ್ಕೆ ವಿಹಾರಕ್ಕೆ ಬರುತ್ತಿರುವವರಿಗೆ,

ಗುಲಾಬಿಯ ನಮಸ್ಕಾರಗಳು. ಮೇಲಿನ ತಾರೀಕು ನೋಡಿ ಮುದುಕಿಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಡಿ. ನಿಮ್ಮಲ್ಲಿ ಮಳೆಗಾಲಕ್ಕೆ ನಾಲ್ಕೇ ತಿಂಗಳಂತೆ, ತಿಂಗಳು ಮೂವತ್ತೊಂದು ದಿನ ದಾಟುವುದಿಲ್ಲವಂತೆ. ನಮ್ಮಲ್ಲಿ ಮಳೆ ಒಂದು ಹಗಲಾದರೂ ಬಿಡುವು ಕೊಟ್ಟ ಮೇಲೆಯೇ ತಿಂಗಳು ಮುಗಿಯಿತೆಂದು ಲೆಕ್ಕ. ನಿಮಗೆ ಗೊತ್ತಿಲ್ಲದ ಶಬ್ದಗಳು ನಡುವೆ ಬಂದರೆ ಕ್ಷಮಿಸಿ. ಆದಷ್ಟು ಬಿಡಿಸಿ ಹೇಳುತ್ತೇನೆ. ಸಮಯ ಮಾತ್ರ ಹೆಚ್ಚಿಲ್ಲ.

ನಿಮ್ಮ ಚಿತ್ರಗಳನ್ನು ನಾನು ನೋಡಿದ್ದೇನೆ. ಮಲಗುವ ಹಾಸಿಗೆ, ಅಡುಗೆ ಒಲೆ ಎಲ್ಲ ಇರುವ ಗಾಡಿಯನ್ನು ತಂದು ಇದೇ ಮರಳಿನ ಬದಿಯಲ್ಲಿ ನಿಲ್ಲಿಸುತ್ತೀರಿ. ಹೊರಗೆ ಕುರ್ಚಿ ಹಾಕಿ, ಚಹಾ ಕುಡಿಯುತ್ತ ಕಡಲು ನೋಡುತ್ತೀರಿ. ಎರಡು ದಿನವಾದ ಮೇಲೆ ಬೇಸರ ಬಂದು ಮಂಗಳೂರಿನ ಮನೆಗೆ ಹಿಂತಿರುಗುತ್ತೀರಿ. ನಾವೂ ಅಂಥದೇ ಗಾಡಿಯಲ್ಲಿದ್ದೇವೆ, ಆದರೆ ಹಿಂತಿರುಗುವುದಕ್ಕೆ ಬೇರೆ ಮನೆ ಇಲ್ಲ. ಇದನ್ನು ನಾವು ಗಾಡಿಮನೆ ಅನ್ನುತ್ತೇವೆ. ನಗರ ಈಗ ಗುಡ್ಡ ಹತ್ತಿ, ಸುತ್ತ ಗೋಡೆ ಕಟ್ಟಿಕೊಳ್ಳುತ್ತ ಕುಳಿತಿದೆ. ಅಲ್ಲಿ ಕಸ ಗುಡಿಸುವವರು, ಅಡುಗೆ ಮಾಡುವವರು, ಗೋಡೆಗೆ ಕಲ್ಲು ಹೊರುವವರು, ಎಲ್ಲರೂ ರಾತ್ರಿಗೆ ಇಳಿದು ಬರುವುದು ಈ ತಂಗುದಾಣಗಳಿಗೇ. ಪ್ರತಿ ಗಾಡಿಗೂ ಒಂದು ಕಂಬ. ಕರೆಂಟು, ದಿನಕ್ಕೆ ಐವತ್ತು ಲೀಟರು ನೀರು, ರೇಷನ್ನು, ಆಸ್ಪತ್ರೆಯ ಚೀಟಿ, ಎಲ್ಲವೂ ಆ ಕಂಬದ ಸಂಖ್ಯೆಗೆ ಸಿಗುವುದು, ಮನುಷ್ಯರ ಹೆಸರಿಗಲ್ಲ. ಗಾಡಿ ಇಲ್ಲದವರಿಗೆ ಕಂಬವೂ ಇಲ್ಲ.

ಒಂದೇ ಕಡೆ ಬೇರು ಬಿಟ್ಟರೆ ಜಾಗ ಕೇಳಿಯಾರು ಎಂದು ನಗರದವರಿಗೆ ಭಯ. ಅದಕ್ಕೇ ಸರತಿ ಎಂಬುದೊಂದು ಇದೆ. ಇಷ್ಟು ದಿನವಾದ ಮೇಲೆ ಎಲ್ಲರೂ ಗಾಡಿ ಎಬ್ಬಿಸಿ ಬೇರೆ ತಂಗುದಾಣಕ್ಕೆ ಹೋಗಬೇಕು. ಚೀಟಿಯಲ್ಲಿ ಬಂದಂತೆ ಕೆಲವರು ಸಸಿಹಿತ್ಲಿಗೆ, ಕೆಲವರು ಉಳ್ಳಾಲಕ್ಕೆ, ಹೀಗೆ ಸುತ್ತುತ್ತಲೇ ನನಗೆ ಅರವತ್ತಮೂರಾಯಿತು. ನಾನು ಹುಟ್ಟಿದ್ದೂ ಗಾಡಿಮನೆಯಲ್ಲೇ. ಅದರ ಬಗ್ಗೆ ನನಗೆ ದೊಡ್ಡ ದೂರೇನೂ ಇರಲಿಲ್ಲ.

ಒಂದೇ ಒಂದು ಸಂದರ್ಭದಲ್ಲಿ ನಾವು ನಿಲ್ಲುತ್ತಿದ್ದೆವು. ಬಾಣಂತಿ ಮಲಗಿದ ಮನೆಗೆ ಚಕ್ರ ಇರಬಾರದು ಎಂಬುದು ನಮ್ಮ ಗಾಡಿಮನೆಯವರ ಕ್ರಮ. ಹೆರಿಗೆಯಾದ ದಿನವೇ ಜಾಕ್ ಕೊಟ್ಟು ಗಾಡಿಯನ್ನು ಕೆಂಪುಕಲ್ಲಿನ ಮೇಲೆ ಕೂರಿಸಿ, ನಾಲ್ಕೂ ಚಕ್ರ ಕಳಚುತ್ತೇವೆ. ಒಂದೊಂದು ಚಕ್ರವನ್ನು ಒಂದೊಂದು ನೆರೆಮನೆಗೆ ಕೊಡುತ್ತೇವೆ. ಅವರು ಚಕ್ರದ ನೆಂಟರು. ಬಾಣಂತಿಯ ಸ್ನಾನಕ್ಕೆ ತಮ್ಮ ಪಾಲಿನ ನೀರಿನಲ್ಲಿ ಒಂದು ಕೊಡ ಕಾಯಿಸಿ ತಂದು ಹೊಯ್ಯುವುದು, ನಲವತ್ತನೇ ದಿನ ಚಕ್ರ ತೊಳೆದು ತಂದು ಒಪ್ಪಿಸುವುದು ಅವರ ಕೆಲಸ. ಅಷ್ಟೂ ದಿನ ಗಾಡಿ ಅಲ್ಲಾಡುವುದಿಲ್ಲ, ಹೆತ್ತವಳ ಬೆನ್ನಿಗೆ ಅಲ್ಲಾಡದ ನೆಲ ಸಿಗುತ್ತದೆ. ತಂಗುದಾಣದ ಮೇಲ್ವಿಚಾರಕಿ ಮಿಸ್ರಿಯಾ ಒಳ್ಳೆಯ ಹೆಂಗಸು. ಪುಸ್ತಕದಲ್ಲಿ 'ದುರಸ್ತಿಯಲ್ಲಿದೆ' ಎಂದು ಬರೆದು ಬೇರೆ ಕಡೆ ನೋಡುತ್ತಾಳೆ. ಚಕ್ರವಿಲ್ಲದ ಗಾಡಿಗೆ ಸರತಿ ಅನ್ವಯಿಸುವುದಿಲ್ಲವಲ್ಲ.

ಈಗ ನನ್ನ ತಪ್ಪು ಕೇಳಿ. ಸರತಿ ಮೊದಲು ನಲವತ್ತೈದು ದಿನಕ್ಕೊಮ್ಮೆ ಬರುತ್ತಿತ್ತು. ಈ ವರ್ಷ ಅದನ್ನು ಇಪ್ಪತ್ತೊಂದಕ್ಕೆ ಇಳಿಸಿದರು. ನನ್ನ ಮಗಳು ಶಾಂಭವಿ ಹೆತ್ತ ದಿನವೇ, ಹೊಟ್ಟೆಗೆ ಬಟ್ಟೆ ಕಟ್ಟಿಸಿಕೊಳ್ಳುತ್ತ, "ಅಮ್ಮ, ಈ ಸಲ ಚಕ್ರ ಬಿಚ್ಚುದು ಬೇಡ. ನಲವತ್ತು ಆಗುವ ಮೊದಲೇ ಇವರೆಲ್ಲ ಹೋಗ್ತಾರಲ್ಲ" ಎಂದಿದ್ದಳು. "ನೀನು ಹೆತ್ತದ್ದು ಇದು ಮೊದಲ ಸಲ. ನಾನು ಬಾಣಂತನ ಮಾಡಿದ್ದು ಹದಿನೇಳು ಸಲ. ಸುಮ್ಮನೆ ಮಲಗು" ಎಂದು ಗದರಿದೆ. ಅಳಿಯ ಧರ್ಣಪ್ಪ ಜಾಕ್ ತಂದ. ಅತ್ತೆಯ ಬಾಯಿಗೆ ಅವನು ಯಾವಾಗಲೂ ಹೆದರುತ್ತಾನೆ, ಆ ದಿನವಾದರೂ ಹೆದರಬಾರದಿತ್ತು. ಇಪ್ಪತ್ತೊಂದನೇ ದಿನ ನಾಲ್ವರು ನೆಂಟರೂ ನಮ್ಮ ಚಕ್ರಗಳನ್ನು ತಮ್ಮ ಗಾಡಿಗೆ ಹೇರಿಕೊಂಡು ಹೊರಟರು. ಇಟ್ಟು ಹೋಗಿ ಎಂದರೆ ಅಪಶಕುನ. ನಲವತ್ತಕ್ಕೆ ಬಂದೇ ಬರುತ್ತೇವೆ ಎಂದು ಮಗುವಿನ ಹಣೆ ಮುಟ್ಟಿ ಹೇಳಿ ಹೋದರು. ನಾನು ನಗುನಗುತ್ತ ಕೈ ಬೀಸಿದೆ.

ನಗರದ ಕಡಲ ಕಚೇರಿ ವಾರಕ್ಕೊಮ್ಮೆ ನೆಲದ ಮೇಲೆ ಒಂದು ಕೆಂಪು ಗೆರೆ ಹಾಕಿಸುತ್ತದೆ. ಗೆರೆಯಿಂದ ಕಡಲ ಕಡೆಗಿರುವುದೆಲ್ಲ ಕಡಲಿನ ಪಾಲು. ಮೂರು ದಿನದೊಳಗೆ ಏಳಬೇಕು. ಹೆರಿಗೆಯಾದ ಮೂವತ್ತನೇ ದಿನ ಗೆರೆ ನಮ್ಮ ಕಂಬವನ್ನು ದಾಟಿ ಬಂತು. ಬಣ್ಣದ ಡಬ್ಬ ಹಿಡಿದಿದ್ದ ಮಿಸ್ರಿಯಾ ನನ್ನ ಮುಖ ನೋಡಲಿಲ್ಲ. "ಗುಲಾಬಿಯಕ್ಕ, ಎಲ್ಲಿ ಎಳೆಯಬೇಕೆಂದು ಹೇಳುದು ಅವರು. ನಾನು ಬಣ್ಣ ಬಳಿಯುದು ಮಾತ್ರ. ನನ್ನ ಗಾಡಿಯೂ ಗೆರೆಯಿಂದ ಕಡಲ ಕಡೆಗೇ ಉಂಟು" ಎಂದಳು. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲೂ ನನಗೆ ಆಗಲಿಲ್ಲ.

ಸುರತ್ಕಲ್‌ನಿಂದ ಒಂದು ಚಕ್ರ ಅದೇ ಸಂಜೆ ಬಂತು. ಮುಕ್ಕದಿಂದ, ಸಸಿಹಿತ್ಲಿನಿಂದ ಮರುದಿನ ಬಂದವು. ನಾಲ್ಕನೆಯದು ಜಲಜಾಕ್ಷಿಯ ಬಳಿ ಉಳ್ಳಾಲದಲ್ಲಿದೆ. ನಡುವೆ ನೇತ್ರಾವತಿ, ಅದರ ಸೇತುವೆ ನೀರಿನಡಿ ಹೋಗಿ ಆರು ದಿನವಾಯಿತು, ದೋಣಿ ಬಿಡುತ್ತಿಲ್ಲ. ಫೋನಿನಲ್ಲಿ ಜಲಜಾಕ್ಷಿ ಅತ್ತೇಬಿಟ್ಟಳು. "ಚಕ್ರ ಬಾಗಿಲಲ್ಲೇ ಉಂಟು ಅಕ್ಕಾ, ದಿನಾ ಒರೆಸಿ ಇಡ್ತೇನೆ. ನಾನೆಂತ ಮಾಡ್ಲಿ, ಹೊಳೆ ದಾಟ್ಲಿಕ್ಕೆ ಬಿಡುದಿಲ್ಲ." ನಿಮ್ಮ ಗಾಡಿಗಳಿಗೆ ಸ್ಟೆಪ್ನಿ ಎಂದು ಐದನೇ ಚಕ್ರ ಇರುತ್ತದಂತೆ. ಅಷ್ಟು ಶ್ರೀಮಂತಿಕೆ ನಮಗಿಲ್ಲ. ಸರತಿಯಲ್ಲಿ ಬಂದ ಹೊಸ ನೆರೆಯವರ ಚಕ್ರ ಕೇಳೋಣವೆಂದರೆ ಅವರೂ ಗೆರೆಯಿಂದ ಓಡಬೇಕು. ಮೂರೇ ಚಕ್ರದಲ್ಲಿ ಎಳೆಯಲು ಹೋಗಿ ಧರ್ಣಪ್ಪ ಗಾಡಿಯ ಒಂದು ಮೂಲೆಯನ್ನು ಮರಳಿಗೆ ಇಳಿಸಿದ. ಕ್ರೇನ್ ಕೇಳಲು ನಗರಕ್ಕೆ ಓಡಿದ. ನಾಲ್ಕು ವರ್ಷದಿಂದ ಅದೇ ಕ್ರೇನಿನ ಕೆಳಗೆ ನಿಂತು ಗೋಡೆಗೆ ಕಲ್ಲು ಕೂರಿಸುವವನು ಅವನು. ಗೋಡೆ ಬಿಟ್ಟು ಅದು ಇಳಿಯುವಂತಿಲ್ಲ ಎಂದರಂತೆ. ಬಂದು ಮೆಟ್ಟಿಲ ಮೇಲೆ ಕೂತವನು ನನ್ನನ್ನು ಒಂದು ಮಾತೂ ಬಯ್ಯಲಿಲ್ಲ. ಬಯ್ದಿದ್ದರೆ ಒಳ್ಳೆಯದಿತ್ತು.

ಇಂದು ಬೆಳಿಗ್ಗೆ ಶಾಂಭವಿಯನ್ನೂ ಮಗುವನ್ನೂ ಮೇಲಿನ ಹೆಂಗಸರ ತಂಗುಮನೆಗೆ ಕರೆದೊಯ್ದರು. ಮೂವತ್ತೆರಡನೇ ದಿನದ ಬಾಣಂತಿ ಮಳೆಯಲ್ಲಿ ನಡೆದುಕೊಂಡೇ ಹೋದಳು. ಧರ್ಣಪ್ಪನಿಗೆ ಗೋಡೆ ಕೆಲಸದವರ ಕೊಠಡಿ. ಅರವತ್ತು ದಾಟಿದವರನ್ನು ಘಟ್ಟದ ಬುಡದ ಶಿಬಿರಕ್ಕೆ ಕಳಿಸುತ್ತಾರೆ, ನಾಳೆ ನನ್ನ ಪಾಳಿ. ಗಾಡಿ ಹೋದರೆ ಕಂಬ ಹೋಯಿತು, ಕಂಬ ಹೋದ ಮೇಲೆ ನಾವು ನಾಲ್ವರೂ ಒಂದು ಕುಟುಂಬವೆಂದು ಹೇಳುವ ಕಾಗದವೂ ಇಲ್ಲ. ಒಬ್ಬರನ್ನೊಬ್ಬರು ನೋಡಲು ಅರ್ಜಿ ಹಾಕಬೇಕಂತೆ. ಅರ್ಜಿಯಲ್ಲಿ ಮೊದಲು ತುಂಬಬೇಕಾದದ್ದು ಕಂಬದ ಸಂಖ್ಯೆ. ನೀರು ಈಗ ಕೆಳಗಿನ ಮೆಟ್ಟಿಲಿಗೆ ಬಂದಿದೆ. ನಾನು ಮಾಡಬಹುದಾದದ್ದು ಏನೂ ಉಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಕಡಲು ಏರುವುದನ್ನು ತಡೆಯಿರಿ ಎಂದು ನಿಮ್ಮನ್ನು ಕೇಳುವುದಿಲ್ಲ. ಅದನ್ನು ನಿಮಗೆ ಆಗಲೇ ಸಾಕಷ್ಟು ಜನ ಹೇಳಿರಬೇಕು. ನನ್ನದು ಸಣ್ಣ ಕೋರಿಕೆ. ನಲವತ್ತನೇ ದಿನ ಚಕ್ರದ ನೆಂಟರು ನಾಲ್ಕು ಮೂಲೆಗೆ ನಿಂತು, ಹುಟ್ಟಿದ ಜಾಗದಲ್ಲೇ ಮಗುವಿನ ಹೆಸರು ಕರೆಯಬೇಕು. ಅಲ್ಲಿಯವರೆಗೆ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುವಂತಿಲ್ಲ. ಇನ್ನು ಎಂಟು ದಿನಕ್ಕೆ ಈ ಜಾಗ ಎರಡಾಳು ನೀರಿನಡಿ ಇರುತ್ತದೆ. ನಿಮ್ಮಲ್ಲಿ ಇದು ಒಣ ಮರಳು, ಗಾಳಿಮರಗಳ ಸಾಲಿನ ಪಕ್ಕ. ಮುಂದಿನ ಸಲ ಗಾಡಿ ನಿಲ್ಲಿಸಿದಾಗ, ಚಹಾದ ಲೋಟ ಕೆಳಗಿಟ್ಟು, ಅಲ್ಲಿಗೆ ನಾಲ್ಕು ಜನ ಹೋಗಿ ಒಮ್ಮೆ ಜೋರಾಗಿ ಕರೆಯಿರಿ. ಮೊಮ್ಮಗಳಿಗೆ ಇಡುವುದು ನನ್ನ ತಾಯಿಯ ಹೆಸರು, ಸುಗಂಧಿ. ನೋಡಿದವರು ನಕ್ಕರೆ ನಗಲಿ. ಆ ದಿನ ಅವಳನ್ನು ಹೆಸರು ಹಿಡಿದು ಕರೆಯಲು ಇಲ್ಲಿ ನೆಲ ಇರುವುದು ನಿಮ್ಮ ಕಾಲಡಿಗೆ ಮಾತ್ರ.

ಗುಲಾಬಿ